ಭಾಷಣ ಕೇಳುವ ಅತ್ತೆ

ಬೆಳಕವಾಡಿಯಲ್ಲಿ ಧಾರಾವಾಹಿ ಬಿಟ್ಟು ನರರೋಗ ತಜ್ಞರ ಭಾಷಣ ನೋಡುವ ಹೆಂಗಸು ಯಾರಾದರೂ ಇದ್ದರೆ, ಅದು ನಮ್ಮ ಸೋದರತ್ತೆ ಒಬ್ಬರೇ! ಓದಿದ್ದು ಏಳನೇ ಕ್ಲಾಸು. ಆದರೇನು? ಫೋನಿನಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಕೊರೆಯುತ್ತಿದ್ದರೂ ಇವರು ಸೊಪ್ಪು ಬಿಡಿಸುತ್ತಾ ತಲೆದೂಗುತ್ತಾರೆ. ಅರ್ಥವಾಯಿತೇ ಎಂದು ಕೇಳಿ ನೋಡಿ!

"ಅರ್ದ ಅವ್ರ ಮಕ ನೋಡಿದ್ರೇ ಗೊತ್ತಾಯ್ತದೆ ಕಣ್ಲಾ. ಮಿಕ್ಕಿದ್ದ ಏಳಕ್ಕೆ ನೀನಿಲ್ವಾ?"

ಹೀಗೆ ಮಿಕ್ಕರ್ಧವನ್ನು ಕನ್ನಡಕ್ಕೆ ತರುವ ಬಿಟ್ಟಿ ಚಾಕರಿ ನನ್ನ ಪಾಲಿಗೆ ಬಂತು.

ಎಲ್ಲ ಶುರುವಾದದ್ದು ಕಣ್ಣಿನಿಂದ. ಸಂಜೆಯಾದರೆ ಅತ್ತೆಯ ರೆಪ್ಪೆಗಳು ಜೋತುಬೀಳುತ್ತಿದ್ದವು. ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು. ಮಳವಳ್ಳಿ ಬಸ್ಸು ಬಂದರೆ, "ಯಾವ್ದು ಅತ್ಲಿ ಏಳ್ಲಾ, ಎಡಗಡೇದಾ ಬಲಗಡೇದಾ?" ಎನ್ನುತ್ತಿದ್ದರು. ನೆರೆಯವರು ಇದು ಕೆಲಸಗಳ್ಳತನ ಎಂದು ತೀರ್ಪು ಕೊಟ್ಟಾಯಿತು. ಕೊನೆಗೆ ತುತ್ತು ಅಗಿಯಲೂ ದವಡೆ ಸೋತಾಗ, ಮೈಸೂರಿನ ಡಾಕ್ಟರೊಬ್ಬರು ಕಾಯಿಲೆಯ ಹೆಸರು ಹೇಳಿದರು: ಮಯಸ್ತೇನಿಯಾ ಗ್ರೇವಿಸ್. ನರದ ಮಾತು ಸ್ನಾಯುವಿಗೆ ಸರಿಯಾಗಿ ಮುಟ್ಟದ ಅಪರೂಪದ ರೋಗವಂತೆ.

"ಮೈಸೂರು ಗ್ರೇವೀನಾ? ಓಟ್ಲಲ್ಲಿ ಕೊಡೋ ಎಸ್ರಿದ್ದಂಗದಲ್ಲ ಸಾಮಿ!"

ಮಾತ್ರೆಯಿಂದ ರೆಪ್ಪೆ ಸ್ವಲ್ಪ ಎದ್ದಿತು. ಅತ್ತೆ ಭಾಷಣಗಳ ಬೆನ್ನು ಹತ್ತಿದರು. ನೋಡಲು ಬಂದ ಮದ್ದೂರಿನ ನೆಂಟರಮ್ಮನಿಗೂ ಪಾಠವಾಯಿತು: "ಬ್ಲಫ್ ಪವರ್‌ಹೌಸಲ್ಲಿ ಕರೆಂಟು ಉಟ್ತದೆ. ಮನೇಲಿ ಬಲ್ಬೂ ಚೆನ್ನಾಗದೆ. ಮದ್ಯದಲ್ಲಿ ಕನೆಕ್ಸನ್ನು ಸರಿಯಾಗಿ ಕೂತಿಲ್ಲ. ಅಷ್ಟೇ ಕಣಮ್ಮ ನನ್ ಕಾಯ್ಲೆ."

"ಒಂದು ತಾಯ್ತ ಕಟ್ಟಿಸ್ಕೊ ಅಕ್ಕ."

"ತಾಯ್ತ ಕಟ್ಟುದ್ರೆ ಕರೆಂಟು ಬತ್ತದಾ? ಲೈನ್‌ಮನ್ನೇ ಬರ್ಬೇಕು!"

ಮೊನ್ನೆ ಮಂಡ್ಯದಲ್ಲಿ ಈ ಕಾಯಿಲೆಯವರಿಗೆಂದೇ ತಜ್ಞರ ಭಾಷಣ ಇತ್ತು. ಅತ್ತೆ ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕುಳಿತರು. ಕೇಳಬೇಕಾದ ಪ್ರಶ್ನೆಗಳನ್ನು ದಾರಿಯುದ್ದಕ್ಕೂ ನನಗೆ ಒಪ್ಪಿಸಿದ್ದರು. ಪಾಪ, ಡಾಕ್ಟರಿಗೆ ಇದು ಗೊತ್ತಿರಲಿಲ್ಲ!

ಮಾತಿನ ನಡುವೆ ಡಾಕ್ಟರು ಹೇಳಿದರು: "ಕೆಲವರಿಗೆ ಮುಖದ ಸ್ನಾಯುಗಳೂ ಸೋಲುತ್ತವೆ. ಅವರು ನಕ್ಕರೂ ನಮಗೆ ಸಿಟ್ಟಾದಂತೆ ಕಾಣುತ್ತದೆ."

ನನಗೆ ಅತ್ತೆಯ ಮಗಳ ಮದುವೆಯ ಫೋಟೊ ನೆನಪಾಯಿತು. ಎಲ್ಲರ ನಡುವೆ ಅತ್ತೆ ಮಾತ್ರ ಮುಖ ಗಂಟಿಕ್ಕಿಕೊಂಡಿದ್ದರು. ಅಳಿಯ ಹಿಡಿಸಲಿಲ್ಲವೇನೋ ಎಂದು ನೆಂಟರೆಲ್ಲ ಆಡಿಕೊಂಡಿದ್ದರು.

ಪ್ರಶ್ನೆ ಕೇಳುವ ಹೊತ್ತು ಬಂತು. ಅತ್ತೆ ಕೈ ಎತ್ತಲಿಲ್ಲ! ಎದ್ದು ಹಿಂದಿನ ಸಾಲಿಗೆ ನಡೆದರು. ಅಲ್ಲೊಬ್ಬ ಕಾಲೇಜು ಹುಡುಗಿ ವೇಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ನಿಂಗೂನಾ ಮಗಾ?"

ಹುಡುಗಿ ತಲೆಯಾಡಿಸಿದಳು. "ನಗೋಕ್ಕೇ ಆಗಲ್ಲ ಆಂಟಿ. ಎಲ್ರೂ ಸಿಡುಕಿ ಅಂತಾರೆ."

ಅತ್ತೆ ಮೆಲ್ಲಗೆ ಆ ವೇಲು ಸರಿಸಿದರು. "ಬುಡವ್ವ, ನನ್ ತಾವ ನಗು. ನಂಗೆ ಗೊತ್ತಾಯ್ತದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ತುಟಿಗಳು ಮೇಲೇಳಲಿಲ್ಲ. ದೂರದವರಿಗೆ ಜಗಳಕ್ಕೆ ಕೂತಂತೆಯೇ ಕಂಡಿರಬೇಕು. ಪ್ರಶ್ನೆಗಳೆಲ್ಲ ಮುಗಿದು ಸಭೆ ಖಾಲಿಯಾದರೂ ಅವರಿಬ್ಬರೂ ಕೈ ಹಿಡಿದುಕೊಂಡು ನಗುತ್ತಲೇ ಇದ್ದರು.