ಆಡಿನ ಕಣ್ಣು, ಮಾಸ್ತರ ಕುಂಚ

ಹೂದಾನಿ ಬರೆದುಕೊಂಡಿದ್ದಷ್ಟು ದಿನ ಯಾರೂ ನನ್ನ ತಂಟೆಗೆ ಬರಲಿಲ್ಲ. ಪ್ರಾಣಿಗಳ ಕಣ್ಣಿಗೆ ನಮ್ಮ ಸೀಮೆ ಹೇಗೆ ಕಾಣುತ್ತದೆಂದು ಬರೆಯಲು ಹೊರಟೆ ನೋಡಿ, ಅಂದಿನಿಂದ ವಾರಕ್ಕೊಂದು ಫಜೀತಿ. ಎಂಬತ್ತರ ದಶಕದ ಕೊನೆಯ ಮಾತು. ಲಿಂಗಸುಗೂರಿನ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ತರ.

೧. ಬದುವಿನ ಮೇಲೆ

ಮಸ್ಕಿ ಗುಡ್ಡ ಆಡಿಗೆ ಹೇಗೆ ಕಾಣುತ್ತದೆಂದು ತಿಳಿಯಲು ಒಂದು ಭಾನುವಾರ ಹೊಲದ ಬದುವಿನ ಮೇಲೆ ಅಂಬೆಗಾಲಿಟ್ಟೆ. ಸಜ್ಜೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿ ನೋಡಿದಳು.

"ಏನ್ ಕಳಕೊಂಡೀರಿ ಮಾಸ್ತರ?"

"ಏನಿಲ್ಲಬೇ ಯವ್ವಾ, ಆಡಿನಂಗ ನೋಡಾಕತ್ತೀನಿ."

ಆಕೆ ನಗಲೂ ಇಲ್ಲ. "ನೋಡ್ರಿ. ಆದ್ರ ಬದುವಿನ ಮ್ಯಾಲಿಂದನ ನೋಡ್ರಿ, ಸಜ್ಜಿಗೆ ಬಾಯಿ ಹಾಕಬ್ಯಾಡ್ರಿ," ಎಂದಳು.

೨. ಆಕಾಶ

ಹಾಗೆ ನೋಡಿ ಬರೆದ ಚಿತ್ರದಲ್ಲಿ ಜಾಲಿ ಮುಳ್ಳು ಆಳೆತ್ತರ, ಗುಡ್ಡ ಒಂದು ಚೂರು, ಆಕಾಶವೇ ಇಲ್ಲ. ಹೆಡ್‌ಮಾಸ್ತರರಿಗೆ ಸಿಟ್ಟು ಬಂತು.

"ಆಕಾಶ ಎಲ್ಲಿ ಹೋತ್ರೀ?"

"ಆಡು ತಲಿ ತಗ್ಗಿಸಿ ಮೇಯತೈತ್ರೀ ಸರ್."

"ಆಡು ತಗ್ಗಿಸಲಿ. ಇನ್ಸ್‌ಪೆಕ್ಟರ್ ಸಾಹೇಬ್ರು ತಲಿ ಎತ್ತಿಕೊಂಡ ಬರತಾರ. ಆಕಾಶ ಹಾಕ್ರಿ."

೩. ಕುರಿ ಕಂಡ ಗುಡ್ಡ

ಸಿಂಧನೂರಿನಲ್ಲಿ ಚಿತ್ರ ಪ್ರದರ್ಶನ. ಆಡಿನ ಚಿತ್ರದ ಪಕ್ಕ ಕುರಿ ಕಂಡ ಗುಡ್ಡವನ್ನೂ ತೂಗುಹಾಕಿದ್ದೆ. ಒಬ್ಬರಾದರೂ ನಿಂತು ನೋಡದಿದ್ದರೆ ಕುಂಚ ಕಟ್ಟಿಡುವುದೆಂದು ತೀರ್ಮಾನಿಸಿಯೇ ಹೋಗಿದ್ದೆ. ಮಧ್ಯಾಹ್ನದವರೆಗೆ ಜನ ಬಂದರು, ನೀರು ಕುಡಿದರು, ಹೋದರು. ನನಗೆ ಅಳುವೇ ಬಂದಿತ್ತು.

ಆಗ ಗುರುಗುಂಟಾ ಕಡೆಯ ಕುರಿಗಾರನೊಬ್ಬ ನೆರಳಿಗೆಂದು ಒಳಗೆ ಬಂದ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಎರಡೂ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತ.

"ಆಡಿಂದು ಬರೋಬರಿ ಐತ್ರೀ. ಕುರಿದು ತಪ್ಪಾಗೇತಿ."

ತಪ್ಪು ಹುಡುಕುವಷ್ಟು ನೋಡಿದವನೊಬ್ಬ ಸಿಕ್ಕನಲ್ಲ ಎಂದು ನನಗೆ ಕುಣಿಯುವಷ್ಟು ಖುಷಿ. "ಏನ್ ತಪ್ಪು ಹೇಳಪ್ಪಾ," ಎಂದೆ.

"ಕುರಿ ಯಾವಾಗ ಗುಡ್ಡ ನೋಡೇತ್ರೀ? ಮುಂದಿನ ಕುರಿ ಕುಂಡಿ ನೋಡಕೋತ ಹೊಂಟಿರತೈತಿ."

ಅಷ್ಟರಲ್ಲಿ ಮುಖ್ಯ ಅತಿಥಿಗಳ ಸವಾರಿ ಬಂತು. ಮುಂದಿದ್ದವರು ಹೊರಳಿದ ಕಡೆಗೆ ಹಿಂದಿದ್ದವರೆಲ್ಲ ಹೊರಳಿ, ಒಂದು ಚಿತ್ರವನ್ನೂ ನೋಡದೆ, ಸಾಲಾಗಿ ಚಹಾದ ಕೋಣೆಗೆ ಹೋದರು.

"ಹಾಂ, ಹಿಂಗ ಬರೀರಿ," ಎಂದ ಕುರಿಗಾರ.

ಹಾಗೆಯೇ ಬರೆದೆ. ಮರುವರ್ಷ ಚಿತ್ರದ ತುಂಬ ಬರೀ ಕುರಿಗಳ ಹಿಂಭಾಗ. ಅದೇ ಅತಿಥಿಗಳು ಬಂದು, ಈ ಸಲ ಚಿತ್ರದ ಮುಂದೆ ನಿಂತು, ಮೊದಲ ಬಹುಮಾನ ಕೊಟ್ಟು, "ಶಿಸ್ತು ಅಂದ್ರ ಇದು ನೋಡ್ರಿ," ಎಂದರು. ಅವರ ಹಿಂದೆ ಸಾಲಾಗಿ ನಿಂತಿದ್ದವರೆಲ್ಲ ಹೌದು ಹೌದು ಎಂದರು.