ಆಯುಧಪೂಜೆಗೆ ಕೂತ ಮೌಸ್

"ಇನ್ಮೇಲೆ ಈ ಮನೇಲಿ ಯಾವ ತಂತೀನೂ ನನ್ನ ಕೈ ಕಟ್ಟಿಹಾಕೋ ಹಾಗಿಲ್ಲ" ಎಂದು ಶ್ರೀಕಾಂತ ಘೋಷಿಸಿದಾಗ ಅವನ ತಾಯಿ ಚಿಕ್ಕತಾಯಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮಗ ವಿಮಾ ಕಂಪನಿಯ ಅಧಿಕಾರಿ, ತಲೆ ಅರ್ಧ ಬೆಳ್ಳಗಾದ ಗಂಡಸು. ಸಂಜೆಯಾದರೆ ಮಾತ್ರ ಕಿವಿಗೆ ಹೆಡ್‌ಫೋನ್ ಏರಿಸಿ ಕಂಪ್ಯೂಟರಿನ ಯುದ್ಧದಾಟದೊಳಗೆ ಸೈನಿಕನಾಗಿಬಿಡುತ್ತಿದ್ದ. ಆಯುಧಪೂಜೆಯ ಸಂಜೆ ಕಂಪನಿಯ ಅಣ್ಣಾ ನಗರ್ ಶಾಖೆಯವರ ಮೇಲೆ ಆ ಆಟದ ಫೈನಲ್ ಪಂದ್ಯ. ಕೋಡಂಬಾಕ್ಕಂ ಶಾಖೆಗೆ ಇವನೇ ಸೇನಾಪತಿ.

ಸೇನಾಪತಿಗೆ ಹೊಸ ಮೌಸ್ ಬೇಕಲ್ಲ. ತಾಯಿಯನ್ನೂ ಕರೆದುಕೊಂಡು ಹೋದ. ಅಂಗಡಿಯವನು ತಂತಿಯದನ್ನು ತೋರಿಸಿದ, ಬ್ಲೂಟೂತಿನದನ್ನು ತೋರಿಸಿದ, ಕೊನೆಗೆ ಕಂಪ್ಯೂಟರಿಗೆ ಉಗುರಿನಷ್ಟು ಡಾಂಗಲ್ ಸಿಕ್ಕಿಸಿ ದೂರದಿಂದಲೇ ಆಡಿಸುವುದನ್ನು ತೋರಿಸಿದ. ಬ್ಲೂಟೂತ್ ಕೊಂಚ ನಿಧಾನ. ನಮ್ಮ ಗುಂಡು ಹಾರುವಷ್ಟರಲ್ಲಿ ನಮ್ಮ ಪ್ರಾಣ ಹಾರಿರುತ್ತದೆ ಎಂದು ಶ್ರೀಕಾಂತ ಅದನ್ನು ಪಕ್ಕಕ್ಕೆ ಸರಿಸಿದ.

"ತಂತೀದೇ ತಕೊಳ್ಳೋ ಕಾಂತ. ತಂತಿ ಇದ್ರೆ ಆ ತುದೀಲಿ ಯಾರವ್ರೆ ಅಂತ ಗೊತ್ತಾಯ್ತದೆ ಅಂತಿದ್ರು ನಿಮ್ಮಪ್ಪ."

"ಅಪ್ಪನ ಕಾಲ ಬಿಡವ್ವಾ. ಇದು ಪಕ್ಕದ ರೂಮಿಂದ್ಲೂ ಕೆಲ್ಸ ಮಾಡ್ತದೆ, ಗೊತ್ತಾ, ತೆರಿಯುಮಾ?" ಎಂದು ಬೀಗುತ್ತ ಡಾಂಗಲಿನದನ್ನೇ ಕೊಂಡ.

ಅಪ್ಪ ಮಹದೇವ ಇಲ್ಲಿನ ಸಿನಿಮಾ ಸ್ಟುಡಿಯೋ ಒಂದರಲ್ಲಿ ಧ್ವನಿಮುದ್ರಣದ ಸಹಾಯಕರಾಗಿದ್ದವರು. ಕನ್ನಡ ಚಿತ್ರದವರೂ ಕೋಡಂಬಾಕ್ಕಂಗೇ ಬರುತ್ತಿದ್ದ ಕಾಲ ಅದು. ಮಹಾನವಮಿಯ ದಿನ ಹೆಡ್‌ಫೋನನ್ನು ಮನೆಗೆ ತಂದು ದೇವರ ಮುಂದಿಟ್ಟರೆ ಮಾರನೆಯ ಬೆಳಗಿನವರೆಗೆ ಮುಟ್ಟುತ್ತಿರಲಿಲ್ಲ. ವರ್ಷವೆಲ್ಲ ಊರವರ ಮಾತು ಕೇಳುತ್ತಿದ್ದ ಆ ಕಿವಿ ಅದೊಂದು ಸಂಜೆ ಹೆಂಡತಿಗೆ ಸಿಗುತ್ತಿತ್ತು. ಹೊಸ್ತಿಲ ಬಳಿ ಕೂತು ಕಡ್ಲೆಪುರಿ ಮೆಲ್ಲುತ್ತ, ಆಕೆ ಹೇಳಿದ್ದನ್ನೇ ಹೇಳಿದರೂ "ಆಮೇಲೆ?" ಎನ್ನುವರು. ಈಗ ಚಿಕ್ಕತಾಯಮ್ಮನಿಗೆ ಮಗನಿಂದ ಬೇಕಿದ್ದುದೂ ಅಂಥದೊಂದು ಸಂಜೆ, ಅಷ್ಟೆ.

ಹಬ್ಬದ ಬೆಳಗ್ಗೆ ತಾಯಿ ಕೇಳುವ ಮೊದಲೇ ಶ್ರೀಕಾಂತ ಹೊಸ ಮೌಸನ್ನು ತಂದು ದೇವರ ಮುಂದಿಟ್ಟ. ತಾಯಿಗೆ ಕಣ್ಣು ತುಂಬಿತು. ಅವನು ನೆಟ್ಟಗೆ ಕೋಣೆಗೆ ಹೋಗಿ ಹಳೆಯ ತಂತಿಯ ಮೌಸನ್ನು ಹೊರತೆಗೆದ.

"ಏನ್ರೀ, ಅತ್ತೆಗೇ ಟೋಪಿ ಹಾಕ್ತಿದೀರಾ?" ಎಂದಳು ಹೆಂಡತಿ ಶಾಲಿನಿ.

"ಹೊಸದು ದೇವ್ರಿಗೆ, ಹಳೇದು ನನಗೆ. ಮೋಸ ಎಲ್ಲಿ ಬಂತು?"

ಕಂಪ್ಯೂಟರಿಗೆ ಮೊದಲೇ ಸಿಕ್ಕಿಸಿದ್ದ ಡಾಂಗಲನ್ನು ಕೀಳುವುದನ್ನು ಮಾತ್ರ ಮಹಾನುಭಾವ ಮರೆತ.

ಸಂಜೆ ಚಿಕ್ಕತಾಯಮ್ಮ ಕಡ್ಲೆಪುರಿಯ ತಟ್ಟೆ ಹಿಡಿದು ಕೂಗಿದರು. ಮತ್ತೆ ಕೂಗಿದರು. ಕೋಣೆಯ ಬಾಗಿಲು ತೆರೆಯಲಿಲ್ಲ. ಸರಿ, ದೀಪ ಹಚ್ಚುವ ಹೊತ್ತಾಯಿತೆಂದು ದೇವರ ಮನೆಗೆ ಹೋದರು. ಮೌಸಿನ ಮೇಲೆ ಬೆಳಗಿನ ಗಂಧ ಒಣಗಿ ಬಿರುಕು ಬಿಟ್ಟಿತ್ತು. ಅರ್ಧಂಬರ್ಧ ಪೂಜೆ ಅವರಿಗೆ ಆಗದು.

ಅತ್ತ ಕೋಡಂಬಾಕ್ಕಂ ಸೇನೆಯಲ್ಲಿ ಉಳಿದವರು ಇಬ್ಬರೇ. ಮ್ಯಾನೇಜರ್ ವಿಘ್ನೇಶ್ ಮುಂದೆ, ಶ್ರೀಕಾಂತ ಹಿಂದೆ, ಗೋಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು.

ಇತ್ತ ಚಿಕ್ಕತಾಯಮ್ಮ ಮೌಸನ್ನು ಮಗುಚಿ ಸೆರಗಿನಿಂದ ಅದರ ಹೊಟ್ಟೆ ಒರೆಸಿದರು. ಶ್ರೀಕಾಂತನ ಸೈನಿಕ ಬುಗುರಿಯಂತೆ ಗಿರ್ರನೆ ತಿರುಗಿದ. ನಡುವಿನ ಗಾಲಿಗೆ ಕುಂಕುಮವಿಟ್ಟರು. ಬಂದೂಕು ಹೋಗಿ ಕೈಗೆ ಚಾಕು ಬಂತು. ಎಡಗುಂಡಿಗೆ ಗಂಧವನ್ನು ಒತ್ತಿದರು. ಚಾಕು ನೇರ ಮ್ಯಾನೇಜರ ಬೆನ್ನಿಗಿಳಿಯಿತು.

"ಶ್ರೀಕಾಂತ್, ನಾನ್ ನಮ್ಮ ಆಳ್ ಪ್ಪಾ" ಎಂದು ಹೆಡ್‌ಫೋನಿನಲ್ಲಿ ನರಳಿದ ಮ್ಯಾನೇಜರು ನೆಲಕ್ಕುರುಳಿದರು.

"ಸಾರ್, ನಾನಲ್ಲ ಸಾರ್, ಅದಾಗೇ..." ಎನ್ನುವಷ್ಟರಲ್ಲಿ ಅಣ್ಣಾ ನಗರದವರು ನಗುತ್ತಲೇ ಸೇನಾಪತಿಯನ್ನೂ ಮುಗಿಸಿದರು.

ಸೋತ ಸೇನಾಪತಿ ಕಂಪ್ಯೂಟರಿನ ಹಿಂದೆ ಇಣುಕಿದ. ಡಾಂಗಲ್ ಕಂಡಿತು. ದೇವರ ಮನೆಗೆ ಓಡಿದ.

"ಅವ್ವಾ, ಇದನ್ನ ಮುಟ್ಟಿದ್ಯಾ?"

"ಮುಟ್ಟದಿದ್ರೆ ಕುಂಕುಮ ಹೆಂಗೆ ಇಡ್ಲಿ?"

ಶಾಲಿನಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಶ್ರೀಕಾಂತ ತಲೆ ಮೇಲೆ ಕೈ ಹೊತ್ತು ಅಲ್ಲೇ ನೆಲದ ಮೇಲೆ ಕೂತ. ತಾಯಿ ಕಡ್ಲೆಪುರಿಯ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿ, ಅವನ ಅಪ್ಪ ಇದೇ ದಿನ ಹೊಸ್ತಿಲಲ್ಲಿ ಕೂರುತ್ತಿದ್ದುದನ್ನು ಹೇಳತೊಡಗಿದರು. ಬೇರೆ ಕೆಲಸವಿಲ್ಲದೆ ಅವನು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ. ತಟ್ಟೆ ಅರ್ಧ ಖಾಲಿಯಾಗುವ ಹೊತ್ತಿಗೆ ಅವನಿಗೇ ಅರಿವಿಲ್ಲದಂತೆ "ಆಮೇಲೆ?" ಎಂದ.

ತುಂಬ ಹೊತ್ತಾದ ಮೇಲೆ ಒಪ್ಪಿಕೊಂಡ: "ನೀ ಹೇಳಿದ್ದೇ ಸರಿ ಅವ್ವಾ. ನಾಳೆ ಇದನ್ನ ವಾಪಸ್ ಕೊಟ್ಟು ತಂತೀದೇ ತರ್ತೀನಿ."

"ಬ್ಯಾಡ ಕಣಪ್ಪ, ಇದೇ ಇರ್ಲಿ" ಎಂದರು ಚಿಕ್ಕತಾಯಮ್ಮ, ಮೌಸನ್ನು ಜೋಪಾನವಾಗಿ ತಮ್ಮ ಕಡೆಗೆ ಸರಿಸಿಕೊಳ್ಳುತ್ತ. "ಗಂಟಲು ಹರ್ಕೊಂಡು ಕೂಗಿದ್ರೂ ಬರದವನು, ಇದನ್ನ ಒಂದು ಕಿತ ಒರಸಿದ್ದಕ್ಕೆ ಓಡ್ಬಂದೆಯಲ್ಲ."