ಅಥಣಿಗೆ ಬಂದ ಹಿಮದ ಜಾಕೆಟ್ಟು

ಹಿಮದ ಮೇಲೆ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವವರ ಜಾಕೆಟ್ಟು ಇಡೀ ಅಥಣಿಯಲ್ಲಿ ಇರುವುದು ನಮ್ಮ ಕಾಕಾನ ಮನೆಯಲ್ಲಿ ಮಾತ್ರ. ಇಲ್ಲೆಲ್ಲಿಯ ಹಿಮ? ನಮ್ಮಲ್ಲಿ ಬೆಳ್ಳಗೆ ಕಾಣುವುದು ಒಂದೇ, ದ್ರಾಕ್ಷಿ ಎಲೆಗೆ ಹತ್ತುವ ಬೂದಿ ರೋಗ.

ಅದಕ್ಕೆ ಔಷಧ ಹೊಡೆಯುತ್ತಿದ್ದವನು ನನ್ನ ಅಪ್ಪ. ಮೈಗೆ ಬನಿಯನ್, ಬಾಯಿಗೆ ಟವೆಲ್ಲು. ಹೋದ ವರ್ಷ ಶ್ವಾಸಕೋಶ ಕೈಕೊಟ್ಟು ತೀರಿಕೊಂಡ. ಔಷಧವೇ ಕಾರಣ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಪುರಾವೆಯಿಲ್ಲದ್ದನ್ನು ನಾನು ಒಪ್ಪುವವನಲ್ಲ. ದ್ರಾಕ್ಷಿಯಲ್ಲಿ ಔಷಧ ಎಷ್ಟು ಉಳಿದಿದೆ ಎಂದು ಲ್ಯಾಬಿನಲ್ಲಿ ನೋಡುತ್ತಾರೆ. ಹೊಡೆದವನಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಲ್ಯಾಬು ಎಲ್ಲಿದೆ?

ಕಾಕಾನಿಗೆ ಪುರಾವೆ ಬೇಕಿಲ್ಲ. ಈ ಹಂಗಾಮಿಗೆ ಔಷಧ ಹೊಡೆಯುವ ಪಾಳಿ ನನ್ನದೆಂದು ತಿಳಿದದ್ದೇ ತಡ, ನನ್ನನ್ನು ಕೊಲ್ಹಾಪುರಕ್ಕೆ ಎಳೆದೊಯ್ದ.

"ಮನಾಲಿಗೆ ಹೊಂಟೀರೇನ್ರಿ?" ಎಂದ ಅಂಗಡಿಯವನು.

"ದ್ರಾಕ್ಷಿ ತ್ವಾಟಕ್ಕ."

ಅಗ್ಗದ್ದನ್ನು ಕಾಕಾ ಮುಟ್ಟಲಿಲ್ಲ. ಹೊಲಿಗೆಗೆ ಒಳಗಿನಿಂದ ಟೇಪು ಹಚ್ಚಿದೆಯೇ ನೋಡಿದ, ಜಿಪ್ಪು ಜಗ್ಗಿದ, ಬಟ್ಟೆಗೆ ಬಾಯಿ ಹಚ್ಚಿ ಊದಿದ. ಕಡೆಗೆ, ಕುಡಿಯಲು ಕೊಟ್ಟ ನೀರನ್ನು ತೋಳಿನ ಮೇಲೆ ಸುರಿದ.

"ಅಹೋ, ಕುಡೀಲಿಕ್ಕ ಕೊಟ್ಟೇನ್ರಿ ಅದನ್ನ."

"ಜಾಕೀಟೂ ಕುಡೀತೈತೇನು ನೋಡಾಕತ್ತೀನಿ. ಎಷ್ಟ ವರ್ಷ ಬಾಳಿಕಿ ಬರ್ತೈತ್ರಿ?"

"ಹತ್ತು ವರ್ಷ ಚಿಂತಿಲ್ರಿ."

"ಜಾಕೀಟಲ್ರಿ, ಹಾಕ್ಕೊಂಡಾಂವ?"

ಕಾಕಾ ನನ್ನ ಅಳತೆಯದನ್ನೇ ಕಟ್ಟಿಸಿದ.

ಊರಿಗೆ ಬಂದವನೇ ಜಾಕೆಟ್ಟಿನೊಳಗೆ ಹಳೆ ಪೇಪರ್ ತುರುಕಿ, ತೋಟದ ಕಂಬಕ್ಕೆ ನೇತುಹಾಕಿ, ಪಂಪಿನಿಂದ ಬರೀ ನೀರು ಹೊಡೆದ. ಬಿಚ್ಚಿ ನೋಡಿ, "ಪೇಪರ್ ಒಣಗೇ ಐತಿ" ಎಂದು ಬೀಗಿದ.

"ಸುದ್ದಿ ಹಳಸೇತಿ" ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದವನು ನಾನು, ಸುಮ್ಮನಿರುತ್ತೇನೆಯೇ? "ಕಾಕಾ, ನೀರು ತಡೀತು ಅಂದ್ರ ವಿಷಾನೂ ತಡೀತೈತಿ ಅಂತ ಹೆಂಗ ಹೇಳ್ತಿ? ಇದು ಹಿಮಕ್ಕ ಮಾಡಿದ್ದು. ಮತ್ತ ಮೂಗಿನ್ಯಾಗ ಹೋಗೂದು ಜಾಕೀಟ್ ಕೇಳಿ ಹೋಗ್ತೈತೇನು?"

ಕಾಕಾ ಜಾಕೆಟ್ಟಿನ ಹೊಲಿಗೆ ಸವರಿದ. "ಹಂಗಾದ್ರ ನೀ ಗೆದ್ದಿ. ಇದು ಸಾಲೂದಿಲ್ಲ."

ಎದುರಾಳಿಯ ಬಾಯಿ ಮುಚ್ಚಿಸಿದಾಗ ಸಿಗುವ ಸುಖ ಅವತ್ತು ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಸದ್ದಾಯಿತು. ಟ್ಯಾಂಕು ತುಂಬಿಸಿಕೊಂಡು ಕಾಕಾ ಹೊರಟಿದ್ದ, ನನ್ನ ಪಾಳಿಗೆ. ಮೈಗೆ ಬನಿಯನ್, ಬಾಯಿಗೆ ಅಪ್ಪನ ಟವೆಲ್ಲು. ಜಾಕೆಟ್ಟು ಹಿಡಿದು ಓಡಿದೆ, ಟ್ರ್ಯಾಕ್ಟರಿಗೆ ಅಡ್ಡ ನಿಂತೆ.

"ಇದು ಸಾಲೂದಿಲ್ಲ ಅಂತ ನೀನ ವಾದಾ ಮಾಡಿದ್ಯಲ್ಲಲೇ?" ಎಂದ ಕಾಕಾ.

"ಸಾಲೂದಿಲ್ಲ. ಹಾಕ್ಕೋ."

ತೋಳುಗಳು ಅವನ ಬೆರಳು ದಾಟಿ ಜೋತಾಡಿದವು. ಮಡಚಿ ಮಡಚಿ ಮಣಿಕಟ್ಟಿಗೆ ತಂದೆ.

"ಮೈ ಕುದಿಯಾಕತ್ತೈತಲೇ."

"ಕುದೀಲಿ" ಎಂದೆ. ಜಿಪ್ಪನ್ನು ಗದ್ದದವರೆಗೂ ಎಳೆದೆ.